ಅವ್ವನ ಏಳು ಗುಡಿಗಳು

ಹಳೆಯ ಕ್ಯಾಲೆಂಡರ್ ತೆಗೆಯದೆ ಅದರ ಮೇಲೆಯೇ ಹೊಸದನ್ನು ನೇತುಹಾಕುವುದು ನಮ್ಮ ಮನೆಯ ಪದ್ಧತಿ. ತೆಗೆದರೆ ಗೋಡೆಯ ಬಣ್ಣದ ನಿಜಸ್ಥಿತಿ ಬಯಲಾಗುತ್ತದೆ ಎನ್ನುವುದು ಒಂದು ಕಾರಣ. ಪ್ರತಿ ಪುಟದಲ್ಲೂ ದೇವರ ವಾಕ್ಯ ಅಚ್ಚಾಗಿರುವುದರಿಂದ ಅದನ್ನು ಎಲ್ಲಿ ಒಗೆಯಬೇಕೆಂದು ಯಾರಿಗೂ ತಿಳಿಯದಿರುವುದು ಇನ್ನೊಂದು. ಹೀಗೆ ಅಡುಗೆಮನೆಯ ಒಂದೇ ಮೊಳೆಗೆ ಐದಾರು ವರ್ಷಗಳು ಜೋತುಬಿದ್ದಿದ್ದವು. ಮೊನ್ನೆ ಸಾಸಿವೆ ಡಬ್ಬಿ ಎತ್ತಿಕೊಳ್ಳುವಾಗ ನನ್ನ ಮೊಣಕೈ ತಗಲಿ ಮೊಳೆ ಸಮೇತ ಎಲ್ಲ ವರ್ಷಗಳೂ ಕೆಳಗೆ ಬಿದ್ದವು. ಹೆಕ್ಕಿಕೊಳ್ಳುವಾಗ ಒಂದರ ಬೆನ್ನಿನ ಮೇಲೆ ಅಪ್ಪನ ಅಕ್ಷರ ಕಾಣಿಸಿತು.

ಅಪ್ಪ ಇಡೀ ಆಯುಷ್ಯ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ಬೋಲ್ಟು, ಬೇರಿಂಗುಗಳ ಪಟ್ಟಿ ಬರೆದು ಬರೆದು ಅವರು ಏನು ಬರೆದರೂ ಪಟ್ಟಿಯಂತೆಯೇ ಕಾಣುತ್ತಿತ್ತು. ಒಂದು, ನಮ್ಮ ಸಭೆ. ಎರಡು, ಕ್ಯಾಥೊಲಿಕರ ಗುಡಿ. ಮೂರು, ಬಳಗಾನೂರು. ನಾಲ್ಕು, ಮಸ್ಕಿ. ಐದು, ಹಟ್ಟಿ. ಆರು, ಮುದಗಲ್ಲು. ಏಳು, ಲಿಂಗಸೂಗೂರು. ಒಗ್ಗರಣೆ ಸೀದು ವಾಸನೆ ಬಂದ ಮೇಲೆಯೇ ನಾನು ನೆಲದಿಂದ ಎದ್ದದ್ದು.

ಎರಡು ವರ್ಷಗಳ ಹಿಂದಿನ ಮಾತು. ಈಸ್ಟರಿಗೆ ಮುಂಚಿನ ತಪಸ್ಸಿನ ದಿನಗಳು. ಆಗ ಏಳು ಗುಡಿಗಳನ್ನು ಸುತ್ತಿ ಬರುವ ಪದ್ಧತಿ ಇದೆ ಎಂದು ಪಕ್ಕದ ಮನೆಯ ಕೇರಳದ ನರ್ಸಮ್ಮ ಅವ್ವನಿಗೆ ಹೇಳಿದ್ದರು. ನಮ್ಮದು ಮೇಣದಬತ್ತಿ ಹಚ್ಚದ, ಮೂರ್ತಿ ಇಡದ, ಹರಕೆ ಹೊರದ ಸಭೆ. ಯಾತ್ರೆ ಎನ್ನುವ ಮಾತೇ ನಮ್ಮಲ್ಲಿಲ್ಲ. ಆದರೆ ಅವ್ವ ಹಟ ಹಿಡಿದಳು. ಆ ಹೊತ್ತಿಗೆ ಅವಳ ಕಾಲು ಬಾತುಕೊಳ್ಳಲು ಶುರುವಾಗಿತ್ತು. ಹೃದಯದ ಕೆಲಸ ಸರಿಯಿಲ್ಲ, ಆಯಾಸ ಮಾಡಿಕೊಳ್ಳಬಾರದು ಎಂದು ಡಾಕ್ಟರು ಹೇಳಿದ್ದರು. ಆಯಾಸ ಮಾಡಿಕೊಳ್ಳುವುದಾದರೆ ಈಗಲೇ ಮಾಡಿಕೊಳ್ಳಬೇಕು ಎಂದು ಅವಳು ಅರ್ಥ ಮಾಡಿಕೊಂಡಳು.

ನಮ್ಮ ಸೀಮೆಯಲ್ಲಿ ಏಳು ಗುಡಿಗಳನ್ನು ಹೊಂದಿಸುವುದು ಅಷ್ಟು ಸುಲಭವಲ್ಲ. ಅಪ್ಪ ಪಟ್ಟಿ ಮಾಡಲು ಕೂತರು. ಶಾಲೆಯ ಪ್ರಾರ್ಥನಾ ಕೋಣೆಯನ್ನು ಲೆಕ್ಕಕ್ಕೆ ಹಿಡಿಯಬಹುದೇ, ಒಂದೇ ಗುಡಿಗೆ ಮುಂದಿನ ಬಾಗಿಲಿನಿಂದ ಒಮ್ಮೆ ಹಿಂದಿನ ಬಾಗಿಲಿನಿಂದ ಒಮ್ಮೆ ಹೋದರೆ ಎರಡಾಗುತ್ತದೆಯೇ ಎಂದು ನಾನು ಕೇಳಿದೆ. ಯಾರೂ ನಗಲಿಲ್ಲ. ಅವ್ವನದು ಒಂದೇ ಷರತ್ತು: ಲಿಂಗಸೂಗೂರು ಕಡೆಗೆ ಬರಬೇಕು. ಯಾಕೆಂದು ಅಪ್ಪ ಕೇಳಲಿಲ್ಲ. ನನಗೆ ಗೊತ್ತಿತ್ತು, ಅದಕ್ಕೇ ನಾನೂ ಕೇಳಲಿಲ್ಲ.

ಲಿಂಗಸೂಗೂರು ನನ್ನ ಅಕ್ಕ ರೂತಮ್ಮನನ್ನು ಕೊಟ್ಟ ಊರು. ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳ ಲಂಗ, ಅವಳ ಪಾಟಿಚೀಲ, ಅವಳು ಪೆನ್ಸಿಲ್ಲಿನಿಂದ ಮೀಸೆ ಬರೆದಿಟ್ಟ ಪಠ್ಯಪುಸ್ತಕ, ಎಲ್ಲ ಅವಳಿಗೆ ಸಾಕಾದ ಮೇಲೆ ನನಗೆ ಬರುತ್ತಿದ್ದವು. ನಾನು ಒಮ್ಮೆಯೂ ಹೊಸ ಪುಸ್ತಕದ ವಾಸನೆ ನೋಡದೆ ಹತ್ತನೇ ತರಗತಿ ಮುಗಿಸಿದೆ. ಅಕ್ಕ ಒಳ್ಳೆಯವಳು. ನನಗೆ ಬರಲಿದೆ ಎಂದು ಲಂಗವನ್ನು ಜೋಪಾನವಾಗಿ ಉಡುತ್ತಿದ್ದಳು, ಪುಸ್ತಕದಲ್ಲಿ ಉತ್ತರಗಳಿಗೆ ಮೊದಲೇ ಗೆರೆ ಎಳೆದಿಡುತ್ತಿದ್ದಳು. ಕೆಲವು ತಪ್ಪು ಉತ್ತರಗಳು. ಅವನ್ನೇ ಬರೆದು ನಾನೂ ಅವಳಷ್ಟೇ ಅಂಕ ತೆಗೆಯುತ್ತಿದ್ದೆ.

ಅವಳ ಗಂಡ ಸೈಮನ್, ಲೈನ್‌ಮನ್. ಅಕ್ಕನ ಗಂಡನಿಗೆ ನಮ್ಮಲ್ಲಿ ಮಾವ ಎನ್ನುತ್ತೇವೆ. ಮದುವೆಯಾದ ಮೂರನೇ ವರ್ಷ ಕೃಪಾ ಹುಟ್ಟಿದಳು. ಕೂಸಿಗೆ ಎಂಟು ತಿಂಗಳಾದಾಗ ಅಕ್ಕನಿಗೆ ಜ್ವರ ಬಂತು. ಐದೇ ದಿನ. ಆರನೆಯ ದಿನ ನಾವು ಲಿಂಗಸೂಗೂರಿನ ಮಣ್ಣಿನಲ್ಲಿ ಅವಳನ್ನು ಇಟ್ಟು ಬಂದೆವು.

ಮೂರು ತಿಂಗಳಿಗೆ ಹಿರಿಯರು ಸೇರಿದರು. ಕೂಸಿಗೆ ತಾಯಿ ಬೇಕು, ಬೇರೆ ಯಾರೋ ಯಾಕೆ, ಮನೆಯಲ್ಲೇ ಹುಡುಗಿ ಇದ್ದಾಳೆ ಎಂದರು. ಆಗ ನನಗೆ ಇಪ್ಪತ್ತನಾಲ್ಕು, ಬಿ.ಎಡ್. ಓದುತ್ತಿದ್ದೆ. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಮೆಲ್ಲಗೆ ಬೇಡ ಎಂದಿದ್ದರೆ ಸಾಕಿತ್ತು. ಜಾಣತನದ ಮಾತಾಡುವ ಚಟ ನನಗೆ ಆಗಲೂ ಇತ್ತು.

"ಆಕಿ ಹಳೇದೆಲ್ಲಾ ಇಷ್ಟು ವರ್ಷ ಉಟ್ಟೀನಿ. ಇದೊಂದು ಒಲ್ಲೆ" ಎಂದೆ.

ಹಿರಿಯರು ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ಅವ್ವ ಹದಿನೈದು ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಮಾತಾಡಿದಳು, ಆದರೆ ಆ ಮಾತನ್ನು ಎತ್ತಲಿಲ್ಲ. ಬೈದಿದ್ದರೆ ನನಗೆ ಬಹುಶಃ ಹಗುರಾಗುತ್ತಿತ್ತು.

ಮಾವ ಮಾನ್ವಿಯ ಸುನೀತಾಳನ್ನು ಮದುವೆಯಾದರು. ಮೊದಮೊದಲು ಅಪ್ಪ, ಅವ್ವ ಹೋಗಿ ಕೂಸನ್ನು ನೋಡಿ ಬರುತ್ತಿದ್ದರು. ಕೂಸಿಗೆ ಮಾತು ಬಂದ ಮೇಲೆ ಮಾವ ಒಮ್ಮೆ ಫೋನು ಮಾಡಿ, ಅದು ಸುನೀತಾಳನ್ನೇ ಹೆತ್ತವಳೆಂದು ತಿಳಿದಿದೆ, ನೀವು ಬಂದರೆ ಅದರ ತಲೆ ಕೆಡುತ್ತದೆ, ಸ್ವಲ್ಪ ದೊಡ್ಡದಾಗುವವರೆಗೆ ಬರಬೇಡಿ ಎಂದರು. ಮರ್ಯಾದೆಯಿಂದಲೇ ಹೇಳಿದರು. ಸ್ವಲ್ಪ ಎಂದರೆ ಎಷ್ಟು ಎಂದು ಅಪ್ಪ ಕೇಳಲಿಲ್ಲ. ನಾವು ಏಳು ಗುಡಿಗೆ ಹೊರಟ ಹೊತ್ತಿಗೆ ನಾಲ್ಕೂವರೆ ವರ್ಷವಾಗಿತ್ತು.

ಎರಡನೇ ಶನಿವಾರ, ನನ್ನ ಶಾಲೆಗೆ ರಜೆ. ನಮ್ಮ ಓಣಿಯ ಖಾಜಾಸಾಬರ ಕಾರಿನಲ್ಲಿ ಹೊರಟೆವು. ಅವರದು ರಂಜಾನಿನ ರೋಜಾ, ಅವ್ವನದು ಉಪವಾಸ. ನಮ್ಮ ಸಭೆಯಲ್ಲಿ ಅಂಥ ಕಟ್ಟುನಿಟ್ಟೇನೂ ಇಲ್ಲ, ಅವ್ವ ಆ ದಿನಕ್ಕೆಂದು ತಾನೇ ಮಾಡಿಕೊಂಡ ನಿಯಮ ಅದು. ಅವಳು ಉಣ್ಣುವುದಿಲ್ಲ ಎಂದು ಅಪ್ಪನೂ ಉಣ್ಣಲಿಲ್ಲ. ಕಾರಿನಲ್ಲಿ ಹಸಿವೆ ಎಂಬ ಪಾಪ ಇದ್ದದ್ದು ನನ್ನೊಬ್ಬಳಿಗೆ. ಹಿಂದಿನ ಸೀಟಿನಲ್ಲಿ ಕೂತು, ಬೈಬಲ್ಲನ್ನು ಮುಖದ ಮುಂದೆ ಹಿಡಿದು, ಗ್ಲುಕೋಸ್ ಬಿಸ್ಕತ್ತನ್ನು ಸದ್ದಾಗದಂತೆ ಬಾಯಲ್ಲಿ ನೆನೆಸಿಕೊಂಡು ತಿಂದೆ. ನಾನು ಅಷ್ಟು ಹೊತ್ತು ಬೈಬಲ್ ಓದಿದ್ದು ನೋಡಿ ಅಪ್ಪನಿಗೆ ಅನುಮಾನ ಬಂದಿರಬೇಕು.

ಸಿಂಧನೂರಿನ ಎರಡು ಗುಡಿಗಳು ಬೇಗ ಮುಗಿದವು. ಬಳಗಾನೂರಿನ ಪ್ರಾರ್ಥನಾ ಮಂದಿರಕ್ಕೆ ಬೀಗ. ಕೀಲಿ ಇದ್ದಾತ ಭತ್ತದ ಕೆಲಸಕ್ಕೆ ಹೋಗಿದ್ದ. ಮುಚ್ಚಿದ ಬಾಗಿಲಿಗೆ ಹಣೆ ಹಚ್ಚಿ ಅವ್ವ ಪ್ರಾರ್ಥನೆ ಮಾಡಿದಳು. ಒಳಗೆ ಹೋಗದಿದ್ದರೆ ಲೆಕ್ಕಕ್ಕೆ ಬರುತ್ತದೆಯೇ ಎಂದು ಅಪ್ಪನ ಮುಖ ನೋಡಿದಳು. ಅಪ್ಪ ಬರುತ್ತದೆ ಎಂದರು. ಬೀಗ ದೇವರಿಗೆ ಹಾಕಿದ್ದಲ್ಲ ಎಂದು ಖಾಜಾಸಾಬರೂ ಸೇರಿಸಿದರು.

ಮಸ್ಕಿಯಲ್ಲಿ ಅಪ್ಪನ ಅಕ್ಕ, ನಮ್ಮ ಕರುಣಮ್ಮತ್ತಿಯ ಮನೆ. ಸಣ್ಣವರಿದ್ದಾಗ ಬೇಸಗೆಗೆ ನಾನೂ ಅಕ್ಕನೂ ಅಲ್ಲಿಗೆ ಹೋಗುತ್ತಿದ್ದೆವು. ಗುಡ್ಡದ ಬಂಡೆಯ ಮೇಲೆ ಅಶೋಕ ಚಕ್ರವರ್ತಿ ಬರೆಸಿದ ಶಾಸನ ನೋಡಿ ಬಂದು, ಅಕ್ಕ ಅತ್ತಿ ಖಾರ ಕುಟ್ಟುವ ಒಳ್ಳು ಕಲ್ಲಿನ ಮೇಲೆ ಮೊಳೆಯಿಂದ ತನ್ನ ಹೆಸರು ಕೆತ್ತಿದ್ದಳು. ಕೆಳಗೆ ನನ್ನ ಹೆಸರನ್ನೂ ಶುರು ಮಾಡಿದ್ದಳು, ಅಷ್ಟರಲ್ಲಿ ಏಟು ಬಿತ್ತು. ಹಾಗಾಗಿ ಇತಿಹಾಸದಲ್ಲಿ ನನ್ನದು ಒಂದೇ ಅಕ್ಷರ. ಆವತ್ತು ಅತ್ತಿ ಉಪವಾಸದ ಸುದ್ದಿ ತಿಳಿಯದೆ ಕೋಳಿ ಮಾಡಿದ್ದಳು. ನಾವು ನಾಲ್ವರೂ ಅದರ ಎದುರಿಗೆ ಕೂತು ಅವಳ ಮಂಡಿನೋವಿನ ಕತೆ ಕೇಳಿದೆವು. ಹೊರಡುವಾಗ ಅತ್ತಿ ಶೇಂಗಾ ಉಂಡಿಯ ಡಬ್ಬಿ ಕೊಟ್ಟು, ಅವ್ವನ ಗಲ್ಲ ಹಿಡಿದು, ಅಲ್ಲಿಗೂ ಹೋಗುತ್ತೀರಾ ಎಂದು ಮೆಲ್ಲಗೆ ಕೇಳಿದಳು. ಅವ್ವ ತಲೆಯಾಡಿಸಿದಳು. ತೊಡೆಯ ಮೇಲಿನ ಕೈಚೀಲವನ್ನು ಬೆಳಗಿನಿಂದ ಅವಳು ಯಾರ ಕೈಗೂ ಕೊಟ್ಟಿರಲಿಲ್ಲ. ಉಂಡಿ ಡಬ್ಬಿಯನ್ನೂ ಅದರೊಳಗೇ ತುರುಕಿಕೊಂಡಳು.

ಹಟ್ಟಿಯ ಗುಡಿಯಲ್ಲಿ ಅವ್ವ ಬೆಂಚಿನ ಮೇಲೆ ಕೂತವಳು ಏಳಲು ತಡಮಾಡಿದಳು. ಉಸಿರು ಹತ್ತುತ್ತಿತ್ತು. ವಾಪಸು ಹೋಗೋಣವೇ ಎಂದು ಅಪ್ಪ ಕೇಳಿದ್ದಕ್ಕೆ ಸಿಟ್ಟಾದಳು. ಅಲ್ಲಿಂದ ಮುದಗಲ್ಲಿಗೆ ಹೋಗಲು ಲಿಂಗಸೂಗೂರು ದಾಟಿಯೇ ಹೋಗಬೇಕು. ಊರು ಬಂದಾಗ ಅವ್ವ ಕಣ್ಣು ಮುಚ್ಚಿಕೊಂಡಳು. ದಾಟಿತೇ ಎಂದು ಎರಡು ಸಲ ಕೇಳಿ, ದಾಟಿತು ಎಂದ ಮೇಲೆ ತೆರೆದಳು. ಮುದಗಲ್ಲಿನ ಹಳೆಯ ಗುಡಿಯಲ್ಲಿ ದೇವಮಾತೆಯ ಮುಂದೆ ಮೇಣದಬತ್ತಿಗಳು ಉರಿಯುತ್ತಿದ್ದವು. ನಮ್ಮ ಸಭೆಯವರು ಮಾಡಬಾರದ ಕೆಲಸವನ್ನು ಅವ್ವ ಆವತ್ತು ಮಾಡಿದಳು, ಒಂದು ಬತ್ತಿ ಹಚ್ಚಿದಳು. ಅಪ್ಪ ಗಂಟಲು ಸರಿಮಾಡಿಕೊಂಡರು.

"ಆಕಿನೂ ಮಗನ್ನ ಕಳಕೊಂಡಾಕಿ. ಆಕಿಗೆ ತಿಳೀತದ" ಎಂದಳು ಅವ್ವ.

ಅಪ್ಪ ಹೊರಗೆ ಹೋಗಿ ಚಪ್ಪಲಿಗಳ ಹತ್ತಿರ ನಿಂತರು.

ಲಿಂಗಸೂಗೂರಿನ ಗುಡಿಯಲ್ಲಿ ಐದು ನಿಮಿಷವೂ ಕೂರದೆ ಅವ್ವ ಸಮಾಧಿ ನೆಲದ ಕಡೆಗೆ ನಡೆದಳು. ಅಕ್ಕನ ಗೋರಿ ಬೇಲಿಯ ಪಕ್ಕದಲ್ಲಿದೆ. ಹುಲ್ಲು ಬೆಳೆದಿರಬಹುದು, ಕೀಳಬೇಕು ಎಂದು ನಾನು ಹಳೆಯ ಚೂರಿಯೊಂದನ್ನು ತಂದಿದ್ದೆ. ಹುಲ್ಲು ಇರಲಿಲ್ಲ. ಯಾರೋ ಕಸ ತೆಗೆದು, ಸುತ್ತ ಕಲ್ಲು ಜೋಡಿಸಿ, ಗೋರಿಗೂ ಶಿಲುಬೆಗೂ ಸುಣ್ಣ ಬಳಿದಿದ್ದರು. ಅಷ್ಟು ಬಿಳಿ ಗೋರಿ ಆ ನೆಲದಲ್ಲೇ ಇನ್ನೊಂದಿರಲಿಲ್ಲ. ಅವ್ವನ ಮುಖ ಅರೆಕ್ಷಣ ಅರಳಿತು. ಆಮೇಲೆ ಅವಳು ಬಗ್ಗಿ ನೋಡಿದಳು. ಹಸಿ ಸಿಮೆಂಟಿನಲ್ಲಿ ಅಪ್ಪನೇ ಕಡ್ಡಿಯಿಂದ ಬರೆದಿದ್ದ ‘ರೂತಮ್ಮ, ಕೃಪಾಳ ತಾಯಿ’ ಎಂಬ ಅಕ್ಷರಗಳು ಸುಣ್ಣ ತುಂಬಿಕೊಂಡು ಮುಚ್ಚಿಹೋಗಿದ್ದವು. ಬೆರಳಾಡಿಸಿದರೆ ತಿಳಿಯುತ್ತಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ.

ಅವ್ವ ನೆಲಕ್ಕೆ ಕೂತು ತಲೆಯ ಪಿನ್ನು ತೆಗೆದು ಕೆರೆಯತೊಡಗಿದಳು. ಮೊದಲನೆಯ ಅಕ್ಷರ ಬಿಡಿಸುವಷ್ಟರಲ್ಲಿ ಪಿನ್ನು ಬಾಗಿತು. ಉಗುರಿನಿಂದ ಕೆರೆದಳು. ನಾನು ಚೂರಿ ಹಿಡಿದು ನಿಂತೇ ಇದ್ದೆ, ಕೊಡಲಿಲ್ಲ. ಅಪ್ಪ ಅವಳ ರಟ್ಟೆ ಹಿಡಿದು ಎಬ್ಬಿಸಿದರು.

"ನನ್ನ ಮಗಳು ಇದ್ದಳು ಅನ್ನೋದನ್ನೂ ಅಳಿಸ್ಯಾರ" ಎಂದಳು ಅವ್ವ. "ಇವತ್ತು ಆ ಕೂಸಿಗೆ ಎಲ್ಲಾ ಹೇಳೇ ಬರ್ತೀನಿ."

ಕೈಚೀಲದ ಜಿಪ್ಪು ಎಳೆದು ಒಳಗಿದ್ದುದನ್ನು ತೋರಿಸಿದಳು. ಅಕ್ಕನ ಫೋಟೊ. ಎಂಟು ತಿಂಗಳ ಕೃಪಾಳನ್ನು ಎತ್ತಿಕೊಂಡು, ಬಿಸಿಲಿಗೆ ಒಂದು ಕಣ್ಣು ಕಿರಿದು ಮಾಡಿ ನಿಂತದ್ದು. ನಾನೇ ಮೊಬೈಲಿನಲ್ಲಿ ತೆಗೆದದ್ದು.

ಮಾವನ ಮನೆಗೆ ಹೋದಾಗ ಅವರಿರಲಿಲ್ಲ, ಎಲ್ಲೋ ತಂತಿ ಹರಿದಿದೆ ಎಂದು ಹೋಗಿದ್ದರು. ಬಾಗಿಲು ತೆರೆದ ಸುನೀತಾ ನಮ್ಮನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು, ಆಮೇಲೆ ಒಳಗೆ ಕರೆದು ಕುರ್ಚಿ ಹಾಕಿದಳು. ತೆಳ್ಳಗಿನ ಹೆಂಗಸು. ನಾನು ಇಷ್ಟು ವರ್ಷ ಮನಸ್ಸಿನಲ್ಲಿ ದಪ್ಪಗೆ ಮಾಡಿಟ್ಟುಕೊಂಡಿದ್ದೆ.

ಕೃಪಾ ಒಂದನೇ ತರಗತಿ. ಬಂದವರು ಯಾರೆಂದು ಕೇಳಲೂ ಇಲ್ಲ, ನೇರ ಅವ್ವನ ಮುಂದೆ ನಿಂತು ಬಾಯಿ ತೆರೆದು ಅಲುಗುವ ಹಲ್ಲು ತೋರಿಸಿದಳು. ಕಿವಿ ಅಕ್ಕನದು. ಅವ್ವ ಹಲ್ಲನ್ನು ಬೆರಳಿನಿಂದ ಮುಟ್ಟಿ ನೋಡಿದಳು, ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಹಿಡಿದೇ ಇದ್ದಳು. ಸುನೀತಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವ್ವ ಕೈಚೀಲದೊಳಗೆ ಕೈ ಹಾಕಿದಳು. ಫೋಟೊದ ಮೂಲೆ ನನಗೆ ಕಂಡಿತು. ಮೇಲೆ ಬಂದದ್ದು ಉಂಡಿ ಡಬ್ಬಿ. ಮೊದಲು ತಿನ್ನಲು ಕೊಟ್ಟು ಆಮೇಲೆ ಹೇಳೋಣ ಎಂದುಕೊಂಡಳೋ ಏನೋ.

ಉಂಡಿ ಗಟ್ಟಿಯಿತ್ತು. ಕೃಪಾ ಕಚ್ಚಿದ ಕೂಡಲೇ ಹಲ್ಲು ಕಿತ್ತು ಬಂದು ಬಾಯಿ ತುಂಬ ರಕ್ತವಾಯಿತು. ಅವ್ವ ಎರಡೂ ಕೈ ಚಾಚಿದಳು. ಕೂಸು ಮಮ್ಮಿ ಎಂದು ಅಳುತ್ತ, ಚಾಚಿದ ಕೈಗಳ ಪಕ್ಕದಿಂದ ನುಸುಳಿ ಸುನೀತಾಳ ಹೊಟ್ಟೆಗೆ ಮುಖ ಒತ್ತಿತು. ಸುನೀತಾ ಅದನ್ನು ಎತ್ತಿಕೊಂಡು ಒಳಗೆ ಹೋದಳು. ಅವ್ವನ ಕೈಗಳು ಇನ್ನೂ ಹಾಗೆಯೇ ಇದ್ದವು.

ನಾನು ಅಡುಗೆಮನೆಗೆ ಹೋದೆ. ಸುನೀತಾ ಕೂಸಿಗೆ ಉಪ್ಪುನೀರು ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿ, ಹಲ್ಲನ್ನು ತೊಳೆದು ಕೂಸಿನ ಅಂಗೈಯಲ್ಲಿಟ್ಟು, ಹೊರಗಿರುವ ಅಜ್ಜನಿಗೆ ತೋರಿಸಿ ಬಾ ಎಂದು ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗದೆ ಮಾತಾಡಿದಳು.

"ಅವ್ವಾರ ಬೆರಳಿಗೆ ಸುಣ್ಣ ಹತ್ತೇತಿ. ಹೇಳಾಕ ಬಂದೀರೇನ್ರಿ?"

ನಾನು ಉಪ್ಪಿನ ಡಬ್ಬಿಯ ಮುಚ್ಚಳ ಹಾಕಿದೆ.

"ಸುಣ್ಣ ನಾನಽ ಹಚ್ಚೀನಿ. ವರ್ಷಾ ಹಚ್ತೀನಿ. ಈ ಸರ್ತಿ ಹೆಸರಿನ ಮ್ಯಾಲೆ ಬೇಕಂತಽ ಹಚ್ಚೀನ್ರಿ, ಸುಳ್ಳು ಹೇಳಂಗಿಲ್ಲ. ಈಕಿನ್ನ ಕರಕೊಂಡು ಹೋಗಿದ್ದೆ. ಅಕ್ಷರ ಕೂಡಿಸಿ ಓದಾಕ ಹತ್ಯಾಳ. ನಾ ಹೇಳೋಕಿಂತ ಮೊದಲ ಆ ಕಲ್ಲು ಹೇಳಿಬಿಟ್ಟರ ಅಂತ ಅಂಜಿಕಿ ಬಂತು."

ನೀರಿನ ಲೋಟ ತೊಳೆದದ್ದನ್ನೇ ಮತ್ತೆ ತೊಳೆದಳು.

"ನೀವು ಒಲ್ಲೆ ಅಂದಿದ್ರಂತ."

ಹೌದು ಎಂದೆ.

"ನೀವು ಹೂಂ ಅಂದಿದ್ರ ಈ ಕೂಸು ನನಗ ಸಿಗತಿದ್ದಿಲ್ಲ. ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ. ಸ್ವಲ್ಪ ದಿನ ಕೊಡ್ರಿ. ನಾನಽ ಹೇಳ್ತೀನಿ."

ಆರು ವರ್ಷ ನಾನು ಆ ಮಾತಿಗೆ ಬೈಗುಳ ಬರಲೆಂದು ಕಾದಿದ್ದೆ, ಕ್ಷಮೆ ಬರಲೆಂದೂ ಕಾದಿದ್ದೆ. ಯಾರಾದರೂ ಅದರಿಂದ ಬದುಕಿಕೊಂಡಿರಬಹುದು ಎಂದು ಹೊಳೆದಿರಲಿಲ್ಲ. ಕಪಾಟಿನ ಮೇಲೆ ಕೂಸಿನ ಊಟದ ಡಬ್ಬಿ, ಅದರ ಮೇಲೆ ಅಂಟಿಸಿದ ಹೆಸರಿನ ಚೀಟಿ ನೋಡುತ್ತ ನಿಂತೆ. ನಾನು ಹೂಂ ಎಂದಿದ್ದರೆ ಅದರ ಮೇಲೆ ನನ್ನ ಕೈಬರಹ ಇರುತ್ತಿತ್ತು. ಇಷ್ಟು ಅಚ್ಚುಕಟ್ಟಾಗಿ ನಾನು ಬರೆಯುತ್ತಿದ್ದೆನೇ ಎಂದರೆ, ಅನುಮಾನ.

ನಾವು ಹೊರಗೆ ಬಂದಾಗ ಅವ್ವ ಚೀಲದ ಜಿಪ್ಪು ಎಳೆದುಕೊಂಡು ಎದ್ದು ನಿಂತಿದ್ದಳು. ಅಪ್ಪನ ಅಂಗೈಯಲ್ಲಿ ಹಲ್ಲು ಇತ್ತು. ಕೃಪಾ ಈಗ ನಗುತ್ತಿದ್ದಳು. ಟಾಟಾ ಹೇಳಬೇಕಾಗಿ ಬಂದಾಗ ನನ್ನನ್ನು ನೋಡಿ ಅನುಮಾನಿಸಿ, ನಿಮಗ ಏನನ್ನಲಿ ಎಂದು ಕೇಳಿದಳು. ತಾಯಿಯ ತಂಗಿಗೆ ನಮ್ಮಲ್ಲಿ ಚಿಗವ್ವ ಎನ್ನುತ್ತಾರೆ. ತಂದೆಯ ಎರಡನೆಯ ಹೆಂಡತಿಗೂ ಅದನ್ನೇ ಅನ್ನುತ್ತಾರೆ. ಸುನೀತಾ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆಂಟಿ ಅನ್ನು ಎಂದೆ.

ವಾಪಸು ಬರುವಾಗ ಮಸ್ಕಿಯ ಹತ್ತಿರ ಹೊತ್ತು ಮುಳುಗಿತು. ಖಾಜಾಸಾಬರು ಕಾರು ನಿಲ್ಲಿಸಿ ರೋಜಾ ಬಿಟ್ಟರು, ನಮಗೂ ಒಂದೊಂದು ಖರ್ಜೂರ ಕೊಟ್ಟರು. ಅವ್ವ ಅದನ್ನು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿಯುತ್ತಲೇ ಇದ್ದಳು. ಅಪ್ಪ ಕೇಳಲಿಲ್ಲ, ನಾನು ಕೇಳಿದೆ, ಯಾಕೆ ಹೇಳಲಿಲ್ಲ ಎಂದು.

"ರಕ್ತ ಬಂದಾಗ ಯಾರ ಕಡೆ ಓಡ್ತು, ನೋಡಲಿಲ್ಲೇನು" ಎಂದಳು.

ಅದಾದ ಮೇಲೆ ಅವ್ವ ಲಿಂಗಸೂಗೂರಿನ ಹೆಸರೆತ್ತಲಿಲ್ಲ. ಫೋಟೊ ಮಾತ್ರ ದಿಂಬಿನ ಕೆಳಗಿರುತ್ತಿತ್ತು. ಸುನೀತಾಳಿಂದ ಫೋನು ಬರಬಹುದೆಂದು ನಾನು ಕಾದೆ. ಶಾಲೆ ಶುರುವಾಯಿತು, ಮಳೆಗಾಲ ಬಂತು, ಫೋನು ಬರಲಿಲ್ಲ. ಕಾಲುವೆಗೆ ನೀರು ಬಿಟ್ಟ ವಾರ, ಒಂದು ಮುಂಜಾನೆ ಹಲ್ಲುಜ್ಜಲು ಎದ್ದ ಅವ್ವ ಬಚ್ಚಲ ಹೊಸ್ತಿಲಲ್ಲೇ ಕುಸಿದಳು. ಆಸ್ಪತ್ರೆಗೆ ಒಯ್ಯುವಷ್ಟು ಪುರಸೊತ್ತನ್ನೂ ಕೊಡಲಿಲ್ಲ.

ಮಾವನಿಗೆ ತಿಳಿಸಿದವರು ಅಪ್ಪ. ಮಾವ ಒಬ್ಬರೇ ಬರುತ್ತಾರೆ ಎಂದುಕೊಂಡಿದ್ದೆವು. ಸಿಂಧನೂರಿನ ಸಮಾಧಿ ನೆಲದಲ್ಲಿ ಪೆಟ್ಟಿಗೆ ಇಳಿಸುವ ಹೊತ್ತಿಗೆ ಮೂವರೂ ಬಂದರು. ಕೃಪಾಳ ಬಾಯಲ್ಲಿ ಹೊಸ ಹಲ್ಲು ಅರ್ಧ ಬಂದಿತ್ತು. ಬಂಧುಗಳು ಒಬ್ಬೊಬ್ಬರಾಗಿ ಮೂರು ಹಿಡಿ ಮಣ್ಣು ಹಾಕಿ ಸರಿಯುತ್ತಿದ್ದರು. ಮಾವ ಹಾಕಿದರು. ಸುನೀತಾ ಹಾಕಿದಳು. ಆಮೇಲೆ ಹಿಂದೆ ಸರಿಯದೆ ಅಲ್ಲೇ ನಿಂತು, ಕೂಸನ್ನು ಮುಂದೆ ಕರೆದಳು. ಯಾರ ಕೂಸು ಎಂದು ಹಿಂದಿನಿಂದ ಒಬ್ಬ ಮುದುಕಿ ಕೇಳಿದಳು.

"ರೂತಮ್ಮನ ಮಗಳು" ಎಂದಳು ಸುನೀತಾ. ಎಲ್ಲರಿಗೂ ಕೇಳುವಂತೆಯೇ ಹೇಳಿದಳು. ಕೃಪಾಳ ಕೈ ಹಿಡಿದು, "ಅಜ್ಜಿಗೆ ಮಣ್ಣು ಹಾಕವಾ" ಎಂದಳು.

ಕೃಪಾ ಕುಣಿಯೊಳಗೆ ಇಣುಕಿದಳು. "ನಮ್ಮಜ್ಜಿ ಮಾನ್ವ್ಯಾಗ ಅದಾಳಲ್ಲ?"

"ಹೂಂ. ಈಕಿನೂ ಅಜ್ಜಿ. ಮನಿಗೆ ಹೋಗಿ ಹೇಳ್ತೀನಿ, ಎಲ್ಲಾ ಹೇಳ್ತೀನಿ. ಈಗ ಹಾಕು."

ಮಾವ ತಲೆ ತಗ್ಗಿಸಿದ್ದರು. ಅಪ್ಪ ಪೆಟ್ಟಿಗೆಯನ್ನಲ್ಲ, ಕೂಸನ್ನು ನೋಡುತ್ತಿದ್ದರು. ಮಳೆ ಬಂದು ಮಣ್ಣು ಅಂಟಂಟಾಗಿತ್ತು. ಕೃಪಾ ಸಣ್ಣ ಮುಷ್ಟಿಯಲ್ಲಿ ತುಂಬಿಕೊಂಡು, ಎಣಿಸಿ, ಮೂರು ಸಲ ಹಾಕಿದಳು. ಆಮೇಲೆ ಕೆಸರಾದ ಕೈ ಎತ್ತಿ ಹಿಡಿದು ಸುತ್ತ ನೋಡಿದಳು. ನಾನು ಹತ್ತಿರದಲ್ಲೇ ಇದ್ದೆ, ಕೈಯಲ್ಲಿ ಕರವಸ್ತ್ರವೂ ಇತ್ತು. ಅವಳು ತಿರುಗಿ ಸುನೀತಾಳ ಸೆರಗು ಎಳೆದುಕೊಂಡು, ಒಂದೊಂದೇ ಬೆರಳು ಒರೆಸಿಕೊಂಡಳು.